ಉಸಿರಿನ ಅಹಿಂಸೆ

ಶ್ವೇತಾಂಬರ ಪರಂಪರೆಯ ಸ್ಥಾನಕವಾಸಿ ಮತ್ತು ತೇರಾಪಂಥಿ ಸಾಧು-ಸಾಧ್ವಿಯರು ಬಾಯಿಗೆ ಅಡ್ಡಲಾಗಿ ಬಿಳಿಯ ಮುಖವಸ್ತ್ರಿಕೆಯನ್ನು ಧರಿಸುತ್ತಾರೆ. ಮಾತನಾಡುವಾಗ ಬಾಯಿಂದ ಹೊರಡುವ ಬಿಸಿಯುಸಿರು ಗಾಳಿಯಲ್ಲಿರುವ ಸೂಕ್ಷ್ಮ ಜೀವಗಳಿಗೆ ನೋವುಂಟುಮಾಡಬಾರದೆಂಬುದು ಅದರ ಹಿಂದಿನ ಕಾಳಜಿ. ದಿಗಂಬರ ಮುನಿಗಳು ಕುಳಿತುಕೊಳ್ಳುವ ಮೊದಲು ಮಯೂರಪಿಂಛಿಯಿಂದ ನೆಲವನ್ನು ಮೃದುವಾಗಿ ಸವರುತ್ತಾರೆ. ಕಣ್ಣಿಗೆ ಕಾಣದ ಜೀವಕ್ಕೂ ತನ್ನಿಂದ ಬಾಧೆಯಾಗಬಾರದೆಂಬ ಎಚ್ಚರವೇ ಅದು. ತನ್ನ ಉಸಿರಿಗೂ ತಾನೇ ಹೊಣೆಗಾರನೆಂಬ ಅರಿವು ಜೈನ ಧರ್ಮದಷ್ಟು ಸ್ಪಷ್ಟವಾಗಿ ಬೇರೆಡೆ ಆಚರಣೆಗೆ ಬಂದಿರುವುದು ಅಪರೂಪ.

ಈ ಅರಿವಿನ ಬೆಳಕಿನಲ್ಲಿ ಒಂದು ನಿತ್ಯದ ನೋಟವನ್ನು ಪರಿಶೀಲಿಸಬೇಕು. ಬಸ್ ನಿಲ್ದಾಣದ ಬೆಂಚಿನ ಮೇಲೆ ಒಬ್ಬ ಗರ್ಭಿಣಿ, ಪಕ್ಕದಲ್ಲಿ ಶಾಲೆಗೆ ಹೊರಟ ಮಗು, ಅದರಾಚೆ ಉಬ್ಬಸದಿಂದ ಬಳಲುವ ವೃದ್ಧ. ಅವರ ನಡುವೆ ನಿಂತವನೊಬ್ಬ ಸಿಗರೇಟು ಹಚ್ಚಿ ಹೊಗೆಯನ್ನು ಗಾಳಿಗೆ ಬಿಡುತ್ತಾನೆ. ಅವನಿಗೆ ಯಾರ ಮೇಲೂ ದ್ವೇಷವಿಲ್ಲ, ಯಾರನ್ನೂ ನೋಯಿಸುವ ಉದ್ದೇಶವೂ ಇಲ್ಲ. ಆದರೂ ಆ ಮೂವರ ಉಸಿರಿನೊಳಗೆ ಅವನ ಹೊಗೆ ಸೇರಿಹೋಗುತ್ತದೆ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸುವುದು ಸರಿಯೇ, ಅಥವಾ ಅದು ವ್ಯಕ್ತಿಸ್ವಾತಂತ್ರ್ಯದ ಮೇಲಿನ ದಬ್ಬಾಳಿಕೆಯೇ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ದೇಶದ ಕಾನೂನು ಈ ಪ್ರಶ್ನೆಗೆ ಈಗಾಗಲೇ ಉತ್ತರಿಸಿದೆ. 1999ರಲ್ಲಿ ಕೇರಳ ಉಚ್ಚ ನ್ಯಾಯಾಲಯವು ಸಾರ್ವಜನಿಕ ಧೂಮಪಾನವನ್ನು ಉಪದ್ರವವೆಂದು ಪರಿಗಣಿಸಿ ಅದನ್ನು ತಡೆಯಬೇಕೆಂದು ಆದೇಶಿಸಿತು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂವಿಧಾನದ 21ನೆಯ ವಿಧಿಯು ನೀಡಿರುವ ಜೀವಿಸುವ ಹಕ್ಕನ್ನು ಆಧರಿಸಿ, ಆಸ್ಪತ್ರೆ, ವಿದ್ಯಾಸಂಸ್ಥೆ, ಗ್ರಂಥಾಲಯ, ನ್ಯಾಯಾಲಯ, ಸರ್ಕಾರಿ ಕಚೇರಿ ಮತ್ತು ಸಾರ್ವಜನಿಕ ವಾಹನಗಳಲ್ಲಿ ಧೂಮಪಾನವನ್ನು ತಡೆಯಿತು. ಧೂಮಪಾನ ಮಾಡದವನು ಇತರರ ಚಟಕ್ಕಾಗಿ ತನ್ನ ಆರೋಗ್ಯವನ್ನು ಏಕೆ ಕಳೆದುಕೊಳ್ಳಬೇಕೆಂಬುದೇ ಆ ಆದೇಶದ ಹುರುಳು. 2003ರ ತಂಬಾಕು ನಿಯಂತ್ರಣ ಕಾಯ್ದೆ ಈ ತಡೆಗೆ ಶಾಸನದ ರೂಪ ಕೊಟ್ಟಿತು. 2008ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನವೇ, ಹೊಸ ನಿಯಮಗಳು ಜಾರಿಗೆ ಬಂದು ಕೆಲಸದ ಸ್ಥಳ, ಮಳಿಗೆ, ಚಿತ್ರಮಂದಿರ, ರೈಲು ಮತ್ತು ಬಸ್ ನಿಲ್ದಾಣಗಳೂ ಅದರ ವ್ಯಾಪ್ತಿಗೆ ಸೇರಿದವು. ಕರ್ನಾಟಕವು ತನ್ನದೇ ತಿದ್ದುಪಡಿಯ ಮೂಲಕ ದಂಡವನ್ನು 200 ರೂಪಾಯಿಯಿಂದ 1,000 ರೂಪಾಯಿಗೆ ಏರಿಸಿ, ತಂಬಾಕು ಖರೀದಿಯ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಹೆಚ್ಚಿಸಿ, ಹುಕ್ಕಾ ಬಾರ್‌ಗಳನ್ನು ನಿಷೇಧಿಸಿದೆ. ಈ ತಿದ್ದುಪಡಿಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆತಿದೆ.

ಹೀಗೆ ಶಾಸನವಿದೆ, ದಂಡವಿದೆ, ಫಲಕಗಳಿವೆ. ಆದರೂ ಫಲಕದ ಕೆಳಗೇ ನಿಂತು ಹೊಗೆ ಬಿಡುವವರಿದ್ದಾರೆ. ಕಾನೂನು ಸರಿಯೆಂದು ಒಪ್ಪುವ ಸಜ್ಜನರೂ ಅದನ್ನು ಸರ್ಕಾರದ ಕೆಲಸವೆಂದು ಭಾವಿಸಿ ಸುಮ್ಮನಿರುತ್ತಾರೆ. ಆದ್ದರಿಂದ ನಿಷೇಧ ಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಧರ್ಮದ ನೆಲೆಯಿಂದಲೂ ಕೇಳಿಕೊಳ್ಳಬೇಕಾಗಿದೆ. ಹೊರಗಿನ ಕಟ್ಟಳೆಗೆ ಒಳಗಿನ ಸಮ್ಮತಿ ದೊರೆಯುವವರೆಗೂ ಅದು ಗೋಡೆಯ ಮೇಲಿನ ಬರಹವಾಗಿಯೇ ಉಳಿಯುತ್ತದೆ.

ಆಗಮಗಳಲ್ಲಾಗಲಿ ಪ್ರಾಚೀನ ಶ್ರಾವಕಾಚಾರ ಗ್ರಂಥಗಳಲ್ಲಾಗಲಿ ತಂಬಾಕಿನ ಹೆಸರಿಲ್ಲ. ಸಪ್ತವ್ಯಸನಗಳ ಪಟ್ಟಿಯಲ್ಲೂ ಅದು ಕಾಣುವುದಿಲ್ಲ. ಇದಕ್ಕೆ ಕಾರಣ ಸರಳ. ತಂಬಾಕು ಅಮೆರಿಕ ಖಂಡದ ಸಸ್ಯ. ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದುದು. ಹದಿನೇಳನೆಯ ಶತಮಾನದ ಆರಂಭದಲ್ಲಿ ಅಕ್ಬರನ ರಾಯಭಾರಿ ಅಸದ್ ಬೇಗ್ ಅದನ್ನು ನೋಡಿದ್ದು ಕನ್ನಡ ನಾಡಿನ ವಿಜಯಪುರದಲ್ಲಿ. ಅಲ್ಲಿಂದಲೇ ಅವನು ಅದನ್ನು ಮೊಗಲ್ ಆಸ್ಥಾನಕ್ಕೆ ಒಯ್ದನು. ಕೆಲವೇ ವರ್ಷಗಳಲ್ಲಿ, 1617ರಲ್ಲಿ, ಜಹಾಂಗೀರನು ಅದರ ಸೇವನೆಯ ವಿರುದ್ಧ ಆಜ್ಞೆ ಹೊರಡಿಸಬೇಕಾಯಿತು. ಅಷ್ಟು ಬೇಗ ಅದು ಜನರನ್ನು ಹಿಡಿದಿತ್ತು. ಅರಸನ ಆಜ್ಞೆಗೂ ಜಗ್ಗಲಿಲ್ಲ.

ಹೆಸರಿಲ್ಲದ ಮಾತ್ರಕ್ಕೆ ಶಾಸ್ತ್ರದ ಅನುಮತಿಯಿದೆ ಎಂದು ತಿಳಿಯುವಂತಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ, ಗೃಹಸ್ಥನು ಬಿಡಬೇಕಾದ ವಸ್ತುಗಳನ್ನು ಹೆಸರಿನಿಂದ ಮಾತ್ರವಲ್ಲದೆ ಲಕ್ಷಣದಿಂದಲೂ ಗುರುತಿಸಿದ್ದಾರೆ. ತ್ರಸಜೀವಗಳ ಘಾತಕ್ಕೆ ಕಾರಣವಾಗುವುದು, ಪ್ರಮಾದವನ್ನು ಉಂಟುಮಾಡುವುದು, ಅಲ್ಪಫಲಕ್ಕಾಗಿ ಬಹುಜೀವಗಳನ್ನು ಕೊಲ್ಲುವುದು, ಶರೀರಕ್ಕೆ ಹಿತವಲ್ಲದ ಅನಿಷ್ಟವಾದುದು, ಸಜ್ಜನರು ಸೇವಿಸಲು ತಕ್ಕದ್ದಲ್ಲದ ಅನುಪಸೇವ್ಯವಾದುದು ಇವೆಲ್ಲವೂ ತ್ಯಾಜ್ಯ. ಮುಂದೆ ಹುಟ್ಟಲಿರುವ ಚಟಗಳನ್ನೂ ಒಳಗೊಳ್ಳುವಷ್ಟು ವಿಶಾಲವಾದ ಅಳತೆಗೋಲು ಇದು. ತಂಬಾಕಿನ ಹೊಗೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ಸುಮಾರು ಎಪ್ಪತ್ತು ಕ್ಯಾನ್ಸರ್‌ಕಾರಕಗಳು. ಇಂಥದ್ದನ್ನು ಅನಿಷ್ಟವೆಂದು ಗುರುತಿಸಲು ಹೊಸ ಶಾಸ್ತ್ರದ ಅಗತ್ಯವಿಲ್ಲ.

ಇಲ್ಲಿಯವರೆಗಿನದು ಸೇದುವವನ ಸ್ವಂತ ಹಿತದ ಮಾತು. ಸಾರ್ವಜನಿಕ ನಿಷೇಧದ ಪ್ರಶ್ನೆ ಇದಕ್ಕಿಂತ ಮುಂದಿನದು. ಅದಕ್ಕೆ ಜೈನ ಧರ್ಮದ ಹಿಂಸಾವಿಚಾರವನ್ನು ಆಶ್ರಯಿಸಬೇಕು. ಗೃಹಸ್ಥನ ಬದುಕಿನಲ್ಲಿ ಹಿಂಸೆಯು ನಾಲ್ಕು ಬಗೆಯದೆಂದು ಹೇಳಲಾಗಿದೆ. ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆ, ಅಡುಗೆ ಮೊದಲಾದ ಗೃಹಕೃತ್ಯಗಳಲ್ಲಿ ಆಗುವ ಆರಂಭೀ ಹಿಂಸೆ, ಕೃಷಿ ವಾಣಿಜ್ಯಾದಿ ಜೀವನೋಪಾಯದಲ್ಲಿ ಆಗುವ ಉದ್ಯೋಗೀ ಹಿಂಸೆ, ಆತ್ಮರಕ್ಷಣೆಗಾಗಿ ಅನಿವಾರ್ಯವಾಗುವ ವಿರೋಧೀ ಹಿಂಸೆ. ಇವುಗಳಲ್ಲಿ ಸಂಕಲ್ಪೀ ಹಿಂಸೆಯನ್ನು ಶ್ರಾವಕನು ಸಂಪೂರ್ಣವಾಗಿ ತೊರೆಯಬೇಕು. ಉಳಿದವನ್ನು ಯತ್ನಾಚಾರದಿಂದ ಕಡಿಮೆ ಮಾಡಿಕೊಳ್ಳುತ್ತ ಸಾಗಬೇಕು. ಒಲೆ ಹಚ್ಚದೆ ಸಂಸಾರ ನಡೆಯದು, ನೆಲ ಉಳದೆ ಅನ್ನವಿಲ್ಲ. ಆದ್ದರಿಂದ ಆ ಮಟ್ಟಿಗೆ ಗೃಹಸ್ಥನಿಗೆ ರಿಯಾಯಿತಿ.

ಧೂಮಪಾನಕ್ಕೆ ಈ ರಿಯಾಯಿತಿಯಲ್ಲಿ ಯಾವ ಸ್ಥಾನವಿದೆ? ಅದು ಹಸಿವನ್ನು ನೀಗಿಸುವ ಅಡುಗೆಯಲ್ಲ, ಸೇದುವವನಿಗೆ ಜೀವನೋಪಾಯವಲ್ಲ, ಆತ್ಮರಕ್ಷಣೆಯಂತೂ ಅಲ್ಲ. ಪ್ರಯೋಜನವಿಲ್ಲದೆ ಮಾಡುವ ಪಾಪಕ್ರಿಯೆಗೆ ಜೈನಾಚಾರ್ಯರು ಅನರ್ಥದಂಡವೆಂದು ಹೆಸರಿಟ್ಟು, ಅದರಿಂದ ವಿರತನಾಗುವುದನ್ನು ಗುಣವ್ರತಗಳಲ್ಲಿ ಸೇರಿಸಿದ್ದಾರೆ. ಅನರ್ಥದಂಡವು ಐದು ಬಗೆಯದು: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ ಮತ್ತು ಪ್ರಮಾದಚರ್ಯೆ. ನಿಷ್ಕಾರಣವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಾಳಿಯನ್ನು ಕಲಕುವುದು, ಸಸ್ಯವನ್ನು ಕಡಿಯುವುದು ಪ್ರಮಾದಚರ್ಯೆ. ಒಂದು ಸಿಗರೇಟಿನಲ್ಲಿ ಈ ಐದರಲ್ಲಿ ಮೂರು ಒಟ್ಟಿಗೇ ಸಂಭವಿಸುತ್ತವೆ. ಎಲೆ ಉರಿಯುತ್ತದೆ, ಬೆಂಕಿ ಹೊತ್ತಿಕೊಳ್ಳುತ್ತದೆ, ಗಾಳಿ ಕೆಡುತ್ತದೆ. ವನಸ್ಪತಿಕಾಯ, ತೇಜಸ್ಕಾಯ, ವಾಯುಕಾಯ ಜೀವಗಳ ಈ ಘಾತದ ಜೊತೆಗೆ ಪಕ್ಕದಲ್ಲಿರುವ ಪಂಚೇಂದ್ರಿಯ ಜೀವಿಯಾದ ಮನುಷ್ಯನ ಶ್ವಾಸಕೋಶಕ್ಕೂ ಬಾಧೆ ತಟ್ಟುತ್ತದೆ.

ಉಳಿದ ನಾಲ್ಕೂ ದೂರವಿಲ್ಲ. ಗೆಳೆಯನನ್ನು ಒಂದೇ ಒಂದು ಸಲ ಸೇದೆಂದು ಪುಸಲಾಯಿಸುವುದು ಪಾಪೋಪದೇಶ. ಬೆಂಕಿ ಮತ್ತು ವಿಷವನ್ನು ಇತರರ ಕೈಗೆ ಕೊಡುವುದನ್ನೂ ಹಿಂಸಾದಾನದಲ್ಲಿ ಎಣಿಸಲಾಗಿದೆ. ಎಳೆಯ ಹುಡುಗನ ಕೈಗೆ ಬಿಡಿ ಸಿಗರೇಟನ್ನೂ ಬೆಂಕಿಪೊಟ್ಟಣವನ್ನೂ ಕೊಡುವ ಅಂಗಡಿಯಾತ ಎರಡನ್ನೂ ಏಕಕಾಲಕ್ಕೆ ಕೊಡುತ್ತಾನೆ. ನಾಯಕನ ತುಟಿಯ ಮೇಲಿನ ಹೊಗೆಯನ್ನು ಶೌರ್ಯವೆಂದು ತೋರಿಸುವ ಕಥೆಗೆ ಮರುಳಾಗುವುದು ದುಃಶ್ರುತಿ. ಕೆಮ್ಮುವವರನ್ನು ಕಂಡು ಬೇಕಾದರೆ ದೂರ ಹೋಗಲಿ ಎಂದುಕೊಳ್ಳುವ ಮನಸ್ಸು ಅಪಧ್ಯಾನದ ಸಮೀಪಕ್ಕೆ ಬಂದಿರುತ್ತದೆ.

ಇನ್ನೊಂದು ಆಕ್ಷೇಪವುಂಟು. ನೋಯಿಸುವ ಇಚ್ಛೆಯೇ ಇಲ್ಲದಾಗ ಹಿಂಸೆ ಹೇಗಾದೀತು? ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ನಿರೂಪಿಸುವಾಗ ದ್ವೇಷವನ್ನು ಹೇಳದೆ ಪ್ರಮತ್ತಯೋಗವನ್ನು ಮುಂದಿಟ್ಟಿದ್ದಾರೆ. ಪ್ರಮಾದದಿಂದ ಕೂಡಿದ ಮನ ವಚನ ಕಾಯಗಳಿಂದ ಪ್ರಾಣಕ್ಕೆ ಆಗುವ ಬಾಧೆಯೇ ಹಿಂಸೆ. ಎಚ್ಚರದಿಂದ ಹೆಜ್ಜೆಯಿಡುವ ಮುನಿಯ ಪಾದದಡಿ ಆಕಸ್ಮಿಕವಾಗಿ ಜೀವಿಯೊಂದು ಸತ್ತರೂ ಅವನಿಗೆ ಹಿಂಸೆಯ ಬಂಧವಿಲ್ಲ. ಎಚ್ಚರಗೇಡಿಗೆ ಯಾವ ಜೀವಿಯೂ ಸಾಯದಿದ್ದರೂ ಬಂಧ ತಪ್ಪದು. ಪಕ್ಕದಲ್ಲಿ ಮಗುವಿದೆಯೆಂದು ನೋಡದೆ ಬೆಂಕಿಕಡ್ಡಿ ಗೀರುವವನಿಗೆ ದ್ವೇಷವಿಲ್ಲವೆಂಬುದು ನಿಜ. ಆದರೆ ನೋಡುವ ಕಷ್ಟವನ್ನೂ ತೆಗೆದುಕೊಳ್ಳದ ಆ ಅಲಕ್ಷ್ಯವೇ ಪ್ರಮಾದ.

ಅಚೌರ್ಯ ವ್ರತದ ದೃಷ್ಟಿಯಿಂದಲೂ ಇದನ್ನು ವಿಚಾರಿಸಬಹುದು. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ನಿಲ್ದಾಣದ ಗಾಳಿ ಎಲ್ಲರಿಗೂ ಸೇರಿದುದು. ಅದರ ಶುದ್ಧತೆಯನ್ನು ಒಬ್ಬನು ತನ್ನ ಸುಖಕ್ಕಾಗಿ ತೆಗೆದುಕೊಂಡಾಗ ಉಳಿದವರು ಅದಕ್ಕೆ ಒಪ್ಪಿಗೆ ಕೊಟ್ಟಿರುವುದಿಲ್ಲ. ಅನ್ನ ಬೇಡವೆಂದರೆ ತಟ್ಟೆ ಸರಿಸಬಹುದು, ಹಾಡು ಬೇಡವೆಂದರೆ ಕಿವಿ ಮುಚ್ಚಬಹುದು. ಉಸಿರನ್ನು ನಿರಾಕರಿಸುವ ದಾರಿ ಯಾವ ಜೀವಿಗೂ ಇಲ್ಲ. ಈ ಅಸಹಾಯಕತೆಯೇ ಹೊಗೆಯನ್ನು ಇತರ ಚಟಗಳಿಂದ ಬೇರ್ಪಡಿಸುತ್ತದೆ. ಪ್ರತಿವರ್ಷ ಜಗತ್ತಿನಲ್ಲಿ ತಾವು ಸೇದದೆಯೇ ಇತರರ ಹೊಗೆಯಿಂದ ಸಾಯುವವರ ಸಂಖ್ಯೆ ಹತ್ತು ಲಕ್ಷವನ್ನು ಮೀರುತ್ತದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಆದುದರಿಂದ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನದ ನಿಷೇಧವು ಅಹಿಂಸಾಧರ್ಮಕ್ಕೆ ಪೂರ್ಣವಾಗಿ ಸಮ್ಮತವಾದುದು ಎಂಬುದರಲ್ಲಿ ಸಂದೇಹವಿಲ್ಲ.

ಆದರೂ ಅನೇಕಾಂತವು ಎದುರುಪಕ್ಷದ ಮಾತಿನಲ್ಲಿರುವ ಸತ್ಯಾಂಶವನ್ನು ಗೌರವಿಸಲು ಕಲಿಸುತ್ತದೆ. ತನ್ನ ದೇಹ, ತನ್ನ ಇಚ್ಛೆ ಎಂಬುದು ಮೊದಲ ವಾದ. ಜೈನ ಧರ್ಮವೂ ಜೀವದ ಸ್ವಾತಂತ್ರ್ಯವನ್ನು ಎತ್ತಿಹಿಡಿಯುತ್ತದೆ. ಕರ್ಮದ ಕರ್ತೃವೂ ಭೋಕ್ತೃವೂ ಜೀವವೇ. ಆದರೆ ಇದೇ ತತ್ತ್ವ ಆ ವಾದದ ಮಿತಿಯನ್ನೂ ತೋರಿಸುತ್ತದೆ. ಮಾಡಿದವನೇ ಉಣ್ಣಬೇಕಾದಲ್ಲಿ, ಹೊಗೆಯ ವಿಷಯದಲ್ಲಿ ಮಾಡುವವನೊಬ್ಬ, ನರಳುವವರು ಹಲವರು. ಜೀವಿಗಳು ಒಂದಕ್ಕೊಂದು ಉಪಕಾರಕಗಳಾಗಿರಬೇಕೆಂಬ ಪರಸ್ಪರೋಪಗ್ರಹದ ತತ್ತ್ವಕ್ಕೆ ಅದು ವಿರುದ್ಧವಾಗಿದೆ. ಸ್ವಾತಂತ್ರ್ಯದ ಗಡಿ ಇನ್ನೊಬ್ಬನ ಮೂಗಿನ ಬಳಿ ಮುಗಿಯುತ್ತದೆ.

ಧರ್ಮವು ಬಲಾತ್ಕಾರದಿಂದ ಬಾರದು, ವ್ರತವು ಸ್ವಯಂಪ್ರೇರಣೆಯಿಂದಲೇ ಆಗಬೇಕು ಎಂಬುದು ಎರಡನೆಯ ವಾದ. ಇದು ಹೆಚ್ಚು ಗಂಭೀರವಾದುದು ಮತ್ತು ತನ್ನ ನೆಲೆಯಲ್ಲಿ ಸತ್ಯವಾದುದು. ಸಾವಿರ ರೂಪಾಯಿಯ ಭಯದಿಂದ ಸಿಗರೇಟನ್ನು ಜೇಬಿಗೆ ಹಾಕಿದವನಿಗೆ ಕರ್ಮನಿರ್ಜರೆಯಾಯಿತೆಂದು ಯಾರೂ ಹೇಳರು. ಆದರೆ ಕಾನೂನಿನ ಕೆಲಸ ಬೇರೆ, ವ್ರತದ ಕೆಲಸ ಬೇರೆ. ಕಾನೂನು ಕಾಪಾಡುವುದು ಪಕ್ಕದಲ್ಲಿ ಕುಳಿತವಳ ಗರ್ಭದಲ್ಲಿರುವ ಶಿಶುವನ್ನು; ವ್ರತ ಕಾಪಾಡುವುದು ಸೇದುವವನ ಆತ್ಮವನ್ನು. ಅವನ ಭಾವಶುದ್ಧಿಯಾಗುವ ದಿನಕ್ಕಾಗಿ ಆ ಶಿಶು ಕಾಯಲಾರದು. ಆದುದರಿಂದ ದ್ರವ್ಯಹಿಂಸೆಯನ್ನು ತಡೆಯಲು ಶಾಸನ, ಭಾವಹಿಂಸೆಯನ್ನು ತೊಡೆಯಲು ಸಾಧನೆ ಎರಡೂ ಬೇಕು. ವ್ಯವಹಾರ ಮತ್ತು ನಿಶ್ಚಯ ಎಂಬ ಎರಡು ನಯಗಳನ್ನೂ ಬಿಡದೆ ಹಿಡಿಯುವ ಪರಂಪರೆಗೆ ಇದು ಅಪರಿಚಿತವಲ್ಲ.

ಮೂರನೆಯ ವಾದ ಜೀವನೋಪಾಯದ್ದು. ಹುಣಸೂರು, ಪಿರಿಯಾಪಟ್ಟಣದ ರೈತರು ತಂಬಾಕನ್ನು ಬೆಳೆದು, ಸೌದೆಯ ಉರಿಯಲ್ಲಿ ಹದಗೊಳಿಸಿ ಮಾರುತ್ತಾರೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ಅಸಂಖ್ಯ. ಕಾಡನ್ನು ಸುಡುವ, ವಿಷವನ್ನು ಮಾರುವ ವೃತ್ತಿಗಳನ್ನು ಕರ್ಮಾದಾನಗಳೆಂದು ಕರೆದು ಶ್ರಾವಕರನ್ನು ಅವುಗಳಿಂದ ದೂರವಿರಿಸಿದ ಧರ್ಮವು ಈ ಬೆಳೆಯನ್ನು ಹೊಗಳಲಾರದು. ಹಾಗೆಂದು ಬೇರೆ ದಾರಿಯಿಲ್ಲದೆ ಬೆವರು ಸುರಿಸುವವರನ್ನು ನಿಂದಿಸುವುದೂ ಅಹಿಂಸೆಯಲ್ಲ. ತಂಬಾಕಿನ ಧೂಳನ್ನು ದಿನವಿಡೀ ಉಸಿರಾಡುವ ಆ ತಾಯಂದಿರೂ ಇದೇ ಹಿಂಸೆಗೆ ಸಿಕ್ಕಿದವರು. ಅವರಿಗೆ ಬೇರೆ ಬೆಳೆ, ಬೇರೆ ಕಸುಬು ಒದಗಿಸಿಕೊಡುವುದು ನಿಷೇಧವನ್ನು ಬಯಸುವ ಸಮಾಜದ ಋಣ. ಉಳ್ಳವರ ದಾನ ಇಂಥ ಕಡೆಗೂ ಹರಿಯಬೇಕು.

ಶಾಸನದ ನಿಲುಗಡೆ ಎಲ್ಲಿ ಎಂಬುದನ್ನೂ ಗಮನಿಸಬೇಕು. ನಿಲ್ದಾಣದಲ್ಲಿ, ಕಚೇರಿಯಲ್ಲಿ, ಉಪಾಹಾರಗೃಹದಲ್ಲಿ ತಡೆಯಲ್ಪಟ್ಟ ಹೊಗೆ ಕೊನೆಗೆ ಹೋಗಿ ಸೇರುವುದು ಮನೆಯನ್ನು. 2016-17ರ ಜಾಗತಿಕ ವಯಸ್ಕ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇಕಡಾ 38.7ರಷ್ಟು ಮಂದಿ ಮನೆಯೊಳಗೇ ಇತರರ ಹೊಗೆಗೆ ಒಡ್ಡಿಕೊಳ್ಳುತ್ತಿದ್ದರು. ಮನೆಯ ಹೊಗೆ ಎಷ್ಟು ದಾರುಣವೆಂಬುದನ್ನು ಜಗತ್ತಿಗೆ ಮೊದಲು ತೋರಿಸಿದವರಲ್ಲಿ ಜಪಾನಿನ ವಿಜ್ಞಾನಿ ತಕೇಶಿ ಹಿರಾಯಾಮಾ ಮುಖ್ಯರು. ತಾವು ಸೇದದ 91,540 ಗೃಹಿಣಿಯರನ್ನು ಹದಿನಾಲ್ಕು ವರ್ಷ ಗಮನಿಸಿ ಅವರು 1981ರಲ್ಲಿ ಪ್ರಕಟಿಸಿದ ಅಧ್ಯಯನವು, ಪತಿಯ ಧೂಮಪಾನ ಹೆಚ್ಚಿದಂತೆ ಪತ್ನಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯವೂ ಹೆಚ್ಚುವುದನ್ನು ತೋರಿಸಿತು. ಬೀದಿಯಲ್ಲಿ ಅಪರಿಚಿತರನ್ನು ಉಳಿಸಿದ ಕಾನೂನು ಮನೆಯಲ್ಲಿ ಹೆಂಡತಿ ಮಕ್ಕಳನ್ನು ಉಳಿಸಲಾರದು. ಅಲ್ಲಿ ಯಾವ ಫಲಕವೂ ಇಲ್ಲ, ಅಧಿಕಾರಿಯೂ ಬರುವುದಿಲ್ಲ. ಆ ಹೊಸ್ತಿಲನ್ನು ದಾಟಿ ಒಳಗೆ ಹೋಗಬಲ್ಲದ್ದು ವ್ರತವೊಂದೇ.

ವ್ರತವೆಂದೊಡನೆ ಆಜೀವ ಪ್ರತಿಜ್ಞೆಯೆಂದು ಹೆದರಬೇಕಾಗಿಲ್ಲ. ತ್ಯಾಗದಲ್ಲಿ ಯಮ, ನಿಯಮವೆಂಬ ಎರಡು ಬಗೆಗಳನ್ನು ಆಚಾರ್ಯರು ಹೇಳಿದ್ದಾರೆ. ಜೀವನಪರ್ಯಂತದ ತ್ಯಾಗ ಯಮ. ಇಂತಿಷ್ಟು ಕಾಲವೆಂದು ಗೊತ್ತುಪಡಿಸಿಕೊಂಡ ತ್ಯಾಗ ನಿಯಮ. ನಿಕೋಟಿನ್ ಕ್ಷಣಗಳಲ್ಲಿ ಮೆದುಳನ್ನು ಮುಟ್ಟಿ ಮತ್ತೆ ಮತ್ತೆ ಕರೆಯುವ ಪದಾರ್ಥ. ಅದಕ್ಕೆ ಸಿಕ್ಕಿದವನು ಒಂದೇ ಏಟಿಗೆ ಬಿಡಲಾರದೆ ಸೋತರೆ ಅವನನ್ನು ಪಾಪಿಯೆಂದು ಜರೆಯಬಾರದು. ಈ ದಿನದ ಮಟ್ಟಿಗೆ, ಈ ಪರ್ವದ ಎಂಟು ದಿನಗಳ ಮಟ್ಟಿಗೆ, ಈ ಚಾತುರ್ಮಾಸದ ಮಟ್ಟಿಗೆ ಎಂದು ಕಾಲವನ್ನು ಅಳೆದು ನಿಯಮ ಹಿಡಿಯಬಹುದು. ತಪ್ಪಿದರೆ ಸಂಜೆಯ ಪ್ರತಿಕ್ರಮಣದಲ್ಲಿ ಒಪ್ಪಿಕೊಂಡು ಮರುದಿನ ಮತ್ತೆ ಹಿಡಿಯಬಹುದು. ಚಟ ಬಿಡಿಸಲು ವೈದ್ಯರೂ ಹಂತಹಂತದ ದಾರಿಯನ್ನು ಬಲ್ಲರು. ತಂಬಾಕಿನ ಪೊಟ್ಟಣಗಳ ಮೇಲೆಯೇ ಮುದ್ರಿತವಾಗಿರುವ 1800-11-2356 ಎಂಬ ಶುಲ್ಕರಹಿತ ದೂರವಾಣಿ ಸಂಖ್ಯೆಗೆ ಕರೆ ಮಾಡಿದರೆ ಸಲಹೆ ದೊರೆಯುತ್ತದೆ. ಸಹಾಯ ಕೇಳುವುದು ದೌರ್ಬಲ್ಯವಲ್ಲ, ಪುರುಷಾರ್ಥದ ಮೊದಲ ಹೆಜ್ಜೆ.

ಕಾಲದಂತೆ ದೇಶವನ್ನೂ ಅಳೆದು ಹಿಡಿಯುವ ವ್ರತವೊಂದು ಶ್ರಾವಕಾಚಾರದಲ್ಲಿದೆ. ಈ ಮನೆ, ಈ ಗ್ರಾಮ, ಈ ಹೊಲ, ಈ ನದಿ ಎಂದು ಸೀಮೆಯನ್ನು ಗುರುತಿಸಿಕೊಂಡು, ನಿಯತ ಕಾಲದವರೆಗೆ ಅದರಾಚೆಗಿನ ಸಕಲ ವ್ಯಾಪಾರಗಳಿಂದ ನಿವೃತ್ತನಾಗುವುದು ದೇಶವ್ರತ. ಸೀಮೆಯ ಆಚೆಗೆ ಸ್ಥೂಲ ಸೂಕ್ಷ್ಮ ಪಾಪಗಳೆರಡೂ ನಿಂತುಹೋಗುವುದರಿಂದ ಆ ಕ್ಷೇತ್ರದ ಮಟ್ಟಿಗೆ ಗೃಹಸ್ಥನಿಗೆ ಮಹಾವ್ರತದ ಸಾದೃಶ್ಯ ಲಭಿಸುತ್ತದೆಯೆಂದು ಆಚಾರ್ಯರು ಅದನ್ನು ಕೊಂಡಾಡಿದ್ದಾರೆ. ಸಾರ್ವಜನಿಕ ಸ್ಥಳದ ಫಲಕವೂ ಇಲ್ಲಿ ಸೇದಬೇಡ ಎಂದು ಒಂದು ಸೀಮೆಯನ್ನೇ ಹೇಳುತ್ತದೆ. ಅದನ್ನು ದಂಡದ ಭಯದಿಂದ ಪಾಲಿಸಿದರೆ ಅದು ಕಟ್ಟಳೆ. ಇಲ್ಲಿರುವ ಜೀವಿಗಳಿಗೆ ತನ್ನಿಂದ ಅಭಯವಿರಲಿ ಎಂಬ ಭಾವದಿಂದ ಪಾಲಿಸಿದರೆ ಅದೇ ದೇಶವ್ರತದ ಅಭ್ಯಾಸ. ಅಂಥವನು ಮುಂದಿನ ಹೆಜ್ಜೆಯಾಗಿ ತನ್ನ ಮನೆಯ ಹೊಸ್ತಿಲನ್ನೂ, ಮಕ್ಕಳು ಕುಳಿತ ವಾಹನವನ್ನೂ ಆ ಸೀಮೆಯೊಳಗೆ ಸೇರಿಸಿಕೊಳ್ಳಬಲ್ಲನು. ಸೇದುವ ಜಾಗ ಕುಗ್ಗುತ್ತ ಹೋದಂತೆ ಚಟವೂ ಕುಗ್ಗುತ್ತದೆ.

ಸೇದದವರಿಗೂ ಕರ್ತವ್ಯವಿದೆ. ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು ಈ ಮೂರನ್ನೂ ಜೈನ ಧರ್ಮ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಮದುವೆಯ ಮನೆಯಲ್ಲಿ ಅತಿಥಿಸತ್ಕಾರವೆಂದು ಸಿಗರೇಟಿನ ತಟ್ಟೆ ಇಡುವುದು, ಬಸದಿಯ ಆವರಣದ ಹೊರಗೆ ನಿಂತು ಹೊಗೆ ಬಿಡುವ ಬಂಧುವನ್ನು ಕಂಡು ನಕ್ಕು ಸುಮ್ಮನಾಗುವುದು, ತನ್ನ ಅಂಗಡಿಯಲ್ಲಿ ಲಾಭಕ್ಕಾಗಿ ತಂಬಾಕನ್ನು ಇಟ್ಟುಕೊಂಡು ತಾನು ಮುಟ್ಟುವುದಿಲ್ಲವೆಂದು ಹೆಮ್ಮೆಪಡುವುದು ಇವೆಲ್ಲ ಆ ತಕ್ಕಡಿಗೆ ಬೀಳುತ್ತವೆ. ಮಾತನಾಡಬೇಕಾದಾಗಲೂ ಹಿತಮಿತ ವಚನದ ಎಚ್ಚರ ಬೇಕು. ಗದರಿಸಿದರೆ ಕಷಾಯ ಕೆರಳುತ್ತದೆ. ಮಗುವಿಗೆ ಕೆಮ್ಮು ಬರುತ್ತಿದೆ, ದಯವಿಟ್ಟು ಆರಿಸಿ ಎಂದರೆ ಬಹುಪಾಲು ಜನರು ಆರಿಸುತ್ತಾರೆ.

ಹೀಗೆ ವ್ರತವನ್ನು ಸಾಮಾಜಿಕ ಶಕ್ತಿಯಾಗಿಸಿದ ನಿದರ್ಶನಗಳು ಸಮೀಪದಲ್ಲಿಯೇ ಇವೆ. ಆಚಾರ್ಯ ತುಳಸಿಯವರು 1949ರಲ್ಲಿ ಆರಂಭಿಸಿದ ಅಣುವ್ರತ ಚಳವಳಿಯು ಜಾತಿಮತಗಳ ಭೇದವಿಲ್ಲದೆ ಎಲ್ಲರ ಮುಂದಿಟ್ಟ ಸಂಕಲ್ಪಗಳಲ್ಲಿ ವ್ಯಸನಮುಕ್ತ ಜೀವನವೂ ಒಂದು. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ಜನಜಾಗೃತಿ ವೇದಿಕೆಯು ನಾಡಿನ ಹಳ್ಳಿಹಳ್ಳಿಗಳಲ್ಲಿ ನಡೆಸುತ್ತ ಬಂದಿರುವ ಮದ್ಯವರ್ಜನ ಶಿಬಿರಗಳು, ಚಟಕ್ಕೆ ಸಿಕ್ಕಿದವನನ್ನು ದೂರ ತಳ್ಳದೆ ಅವನ ಮನೆಯವರೊಡನೆ ಕೂರಿಸಿ ಬಿಡಿಸುವ ಕ್ರಮವನ್ನು ತೋರಿಸಿಕೊಟ್ಟಿವೆ. ಪರ್ಯುಷಣ ಮತ್ತು ದಶಲಕ್ಷಣ ಪರ್ವಗಳಲ್ಲಿ ಊರೂರಿನ ಸಮಾಜಗಳು ಧೂಮಪಾನಕ್ಕೂ ಇಂಥ ಶಿಬಿರಗಳನ್ನು ನಡೆಸಿದರೆ ಅದು ಉತ್ತಮ ತ್ಯಾಗಧರ್ಮದ ಆಚರಣೆಯಾದೀತು.

ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯವೆಂಬ ನಾಲ್ಕು ಭಾವನೆಗಳಲ್ಲಿ ಕಾರುಣ್ಯವು ನೋವಿನಲ್ಲಿರುವವರಿಗೆ ಸಲ್ಲತಕ್ಕದ್ದು. ಹೊಗೆಯ ಪಕ್ಕದಲ್ಲಿ ಕುಳಿತು ಕೆಮ್ಮುವ ಮಗುವೂ ನೋವಿನಲ್ಲಿದೆ. ಬಿಡಬೇಕೆಂದು ಬಯಸಿಯೂ ಬಿಡಲಾಗದೆ ಹೊಗೆಯ ಹಿಂದೆ ನಿಂತವನೂ ನೋವಿನಲ್ಲಿದ್ದಾನೆ. ನಿಷೇಧ ಮೊದಲನೆಯವರಿಗೆ ರಕ್ಷೆ, ನಿಯಮ ಎರಡನೆಯವರಿಗೆ ಔಷಧ. ಇವೆರಡರಲ್ಲಿ ಒಂದನ್ನೇ ಹಿಡಿದು ಇನ್ನೊಂದನ್ನು ಬಿಟ್ಟರೆ ಅಹಿಂಸೆ ಅರ್ಧವಾಗಿ ಉಳಿಯುತ್ತದೆ. ಮುನಿಗಳು ತಮ್ಮ ಉಸಿರಿಗೇ ಕಾವಲಿಟ್ಟ ಈ ನಾಡಿನಲ್ಲಿ, ಗೃಹಸ್ಥರು ತಮ್ಮ ಹೊಗೆಗಾದರೂ ಕಾವಲಿಡುವಂತಾಗಲಿ. ಯಾವ ಜೀವಿಗೂ ಉಸಿರೆಳೆದುಕೊಳ್ಳಲು ಅಂಜಿಕೆಯಿಲ್ಲದಿರಲಿ.